ಮದುವೆಗೆ ಕೌದಿ ಕೊಡೋಣ, ಆದರೆ ಕೇಳಿ ಕೊಡೋಣ

ಮೊದಲೇ ಹೇಳಿಬಿಡ್ತೀವಿ, ಇಲ್ಲಿ 'ನಾವು' ಅಂದರೆ ನಾಲ್ಕು ಮಂದಿ. ಅಣ್ಣ-ತಮ್ಮಂದಿರ ಮಕ್ಕಳು, ಇಬ್ಬರು ಹುಡುಗರು, ಇಬ್ಬರು ಹುಡುಗಿಯರು. ನಾಲ್ವರೂ ಇಂಗ್ಲಿಷ್ ಮೀಡಿಯಂ. ನಮ್ಮಲ್ಲಿ ಒಬ್ಬರು ಈ ಕಾಲೇಜಿನ ಎರಡನೇ ವರ್ಷದಲ್ಲಿ ಇರೋದರಿಂದ ಬರೆಯೋ ಕೆಲಸ ಈ ಕಡೆ ಬಂತು. ಉಳಿದ ಮೂವರು ವಾಟ್ಸಾಪಿನಲ್ಲಿ ಓದಿ ತಿದ್ದಿದ್ದಾರೆ. ಒತ್ತಕ್ಷರ ತಪ್ಪಿದ್ದರೆ ಬೈಗುಳವನ್ನು ನಾಲ್ಕು ಭಾಗ ಮಾಡಿ ಹಂಚಿ.

ವಿಷಯ ಏನಂದ್ರೆ, ಕಳೆದ ವರ್ಷ ಬೇಸಿಗೆಯಲ್ಲಿ ನಮ್ಮ ದೊಡ್ಡಪ್ಪನ ಮಗಳ ಮದುವೆ ಆಯಿತು. ಧಾರವಾಡದ ಹತ್ತಿರದ ಹಳ್ಳಿ ನಮ್ಮದು. ನಮ್ಮ ಪೀಳಿಗೆಯಲ್ಲಿ ಮೊದಲ ಮದುವೆ ಅದು. ಅಕ್ಕನಿಗೆ ಏನು ಗಿಫ್ಟ್ ಕೊಡೋದು ಅಂತ ನಾಲ್ವರೂ ಕೂತು ಪಟ್ಟಿ ಮಾಡಿದೆವು. ಏರ್ ಫ್ರೈಯರ್, ಗೋಡೆ ಗಡಿಯಾರ, ಡಿನ್ನರ್ ಸೆಟ್. ಎಲ್ಲರ ಹತ್ತಿರ ಇದ್ದ ದುಡ್ಡು ಕೂಡಿಸಿದರೆ ಗಡಿಯಾರಕ್ಕೆ ಮಾತ್ರ ಸಾಲುತ್ತಿತ್ತು. ಆಗ ಆಯಿ (ನಮ್ಮ ಕಡೆ ಅಜ್ಜಿಗೆ ಆಯಿ ಅಂತೀವಿ) ಹೊಸ್ತಿಲ ಮೇಲೆ ಕೂತು ಕೇಳಿಸಿಕೊಳ್ಳುತ್ತಿದ್ದಳು. "ಗಡಿಯಾರ ಯಾಕ? ಆಕಿಗೆ ಟೈಮ್ ನೋಡಾಕ ಫೋನ್ ಐತಲ್ಲ. ಒಂದ ಕೌದಿ ಹೊಲದ ಕೊಡ್ರಿ" ಅಂದಳು.

ಹಾಗೆ ನಾವು ಕೌದಿ ಹೊಲಿದೆವು. ಈಗ ಒಂದು ವರ್ಷ ಆದ ಮೇಲೆ ನಮ್ಮ ಅಭಿಪ್ರಾಯ ಇದು: ಮನೆಯವರ ಮದುವೆಗೆ ಕೈಯಿಂದ ಹೊಲಿದ ಕೌದಿ ಕೊಡೋದು ಒಳ್ಳೆಯ ಪದ್ಧತಿ, ಅದು ಉಳಿಯಬೇಕು. ಆದರೆ ನಾವು ಕೊಟ್ಟ ಹಾಗೆ ಕೊಡಬಾರದು. ಎರಡನೇ ಮಾತಿಗೇ ಜಾಸ್ತಿ ಜಾಗ ಬೇಕು, ಯಾಕಂದ್ರೆ ಮೊದಲನೇದನ್ನು ಎಲ್ಲರೂ ಹೇಳ್ತಾರೆ.

ಗೊತ್ತಿಲ್ಲದವರಿಗೆ ಕೌದಿ ಬಗ್ಗೆ ಸ್ವಲ್ಪ. ಉತ್ತರ ಕರ್ನಾಟಕದ ಮನೆಗಳಲ್ಲಿ ಹಳೇ ಸೀರೆ, ಧೋತರ, ಅಂಗಿ, ಲಂಗ ಯಾವುದನ್ನೂ ಬಿಸಾಕುತ್ತಿರಲಿಲ್ಲ. ಹರಿದ ಭಾಗ ಬಿಟ್ಟು ಗಟ್ಟಿ ಭಾಗ ಕತ್ತರಿಸಿ, ಪದರ ಪದರವಾಗಿ ಹಾಸಿ, ಮೇಲೆ ಬಣ್ಣದ ತುಂಡುಗಳನ್ನು ಜೋಡಿಸಿ, ಎಲ್ಲ ಪದರಗಳನ್ನೂ ಹಿಡಿಯುವಂತೆ ಕೈಯಿಂದ ಸಾಲು ಸಾಲಾಗಿ ದಾರ ಓಡಿಸುವುದೇ ಕೌದಿ. ಹಾಸಬಹುದು, ಹೊದೆಯಬಹುದು. ಹೊಲಿಗೆ ತೀರಾ ಸರಳ. ಸೂಜಿ ಕೆಳಗೆ, ಸೂಜಿ ಮೇಲೆ, ಅಷ್ಟೇ. ನಮ್ಮ ಆಯಿ ಅಂಚಿನಿಂದ ಶುರು ಮಾಡಿ ಸುತ್ತು ಹಾಕುತ್ತಾ ನಡುವಿಗೆ ಬರುತ್ತಾಳೆ. ಮಹಾರಾಷ್ಟ್ರದಲ್ಲಿ ಇಂಥದ್ದಕ್ಕೇ ಗೋಧಡಿ ಅಂತಾರೆ, ಬಂಗಾಳದಲ್ಲಿ ಕಾಂಥಾ ಇದೆ. ನಮ್ಮ ರಾಜ್ಯದಲ್ಲೇ ಹಳಿಯಾಳ, ಯಲ್ಲಾಪುರ, ಮುಂಡಗೋಡ ಕಡೆಯ ಸಿದ್ದಿ ಹೆಣ್ಣುಮಕ್ಕಳು ಹೊಲಿಯುವ ಕೌದಿಗಳು ತುಂಬಾ ಪ್ರಸಿದ್ಧ. ಆಫ್ರಿಕಾ ಮೂಲದ ಸಮುದಾಯ ಅವರದು. ಅವರ ಕೌದಿಯ ನಾಲ್ಕೂ ಮೂಲೆಗೆ ಬಟ್ಟೆ ಮಡಚಿ ಮಾಡಿದ ತ್ರಿಕೋನದ 'ಫುಲಾ', ಅಂದರೆ ಹೂವು, ಇರಲೇಬೇಕು. ಅದಿಲ್ಲದಿದ್ದರೆ ಕೌದಿ ಬೆತ್ತಲೆ ಅಂತ ಅವರು ಭಾವಿಸುತ್ತಾರೆ. ಹೆನ್ರಿ ಡ್ರೂವಲ್ ಎಂಬ ಅಮೆರಿಕದ ಕಲಾ ಇತಿಹಾಸಕಾರರು ಈ ಕೌದಿಗಳ ಬಗ್ಗೆ ವರ್ಷಗಟ್ಟಲೆ ಕೆಲಸ ಮಾಡಿದ್ದಾರೆ. ಅಲ್ಲಿಂದ ಇಲ್ಲಿಗೆ ಬಂದು ನೋಡಿದರು ಅವರು. ನಮ್ಮ ಮನೆಯ ಟ್ರಂಕಿನಲ್ಲಿ ಏನಿದೆ ಅಂತ ನಾವು ನೋಡಿರಲಿಲ್ಲ.

ಯಾಕೆ ನೋಡಿರಲಿಲ್ಲ? ನಾಚಿಕೆ. ನೇರವಾಗಿ ಹೇಳಬೇಕಂದ್ರೆ ಕೌದಿ ಅಂದರೆ ಬಡತನ ಅಂತ ನಮ್ಮ ತಲೆಯಲ್ಲಿ ಕೂತಿತ್ತು. ಸ್ಕೂಲ್ ಫ್ರೆಂಡ್ಸ್ ಮನೆಗೆ ಬಂದರೆ ಮಂಚದ ಮೇಲಿನ ಕೌದಿ ತೆಗೆದು ಬೆಡ್‌ಶೀಟ್ ಹಾಕುತ್ತಿದ್ದೆವು. ಕಸೂತಿಗೆ ಈ ತೊಂದರೆ ಇಲ್ಲ. ಕಸೂತಿಗೆ ಜಿಐ ಟ್ಯಾಗ್ ಇದೆ, ಮದುಮಗಳಿಗೆ ಕಸೂತಿ ಹಾಕಿದ ಕಪ್ಪು ಚಂದ್ರಕಾಳಿ ಸೀರೆ ಕೊಡೋದು ಹಿಂದಿನಿಂದಲೂ ಗೌರವದ ವಿಷಯ. ಅದೇ ಸೂಜಿ, ಅದೇ ದಾರ, ಹೆಚ್ಚುಕಮ್ಮಿ ಅದೇ ಕೈಗಳು. ಆದರೆ ಕಸೂತಿ ಹೊಸ ಸೀರೆ ಮೇಲೆ, ಕೌದಿ ಹಳೇ ಸೀರೆಯಿಂದ. ವ್ಯತ್ಯಾಸ ಅಷ್ಟೇ. ತಮಾಷೆ ಅಂದ್ರೆ ಈಗ ಇನ್‌ಸ್ಟಾಗ್ರಾಂನಲ್ಲಿ ಅದೇ ಕೌದಿಗೆ ಇಂಗ್ಲಿಷ್ ಹೆಸರಿಟ್ಟು ಸಾವಿರಗಟ್ಟಲೆ ರೇಟ್ ಹಾಕಿದರೆ ಲೈಕ್ ಒತ್ತುವವರೂ ನಾವೇ.

ಇನ್ನು ನಮ್ಮ ಕಥೆ. ಸೆಮಿಸ್ಟರ್ ರಜೆಯಲ್ಲಿ ಇಪ್ಪತ್ತು ದಿನ ಕೂತೆವು. ಆಯಿಯ ಟ್ರಂಕಿನಿಂದ ಐದು ಸೀರೆ ಬಂದವು, ಎರಡು ಇಳಕಲ್, ಮೂರು ಸಾದಾ ಕಾಟನ್. ಅಕ್ಕನ ಸಣ್ಣವಳಿದ್ದಾಗಿನ ಎರಡು ಫ್ರಾಕು, ನಮ್ಮ ಹಳೇ ಯೂನಿಫಾರ್ಮ್ ಅಂಗಿಗಳು. ಕೊನೆಗೆ ಆಯಿ ಟ್ರಂಕಿನ ತಳದಿಂದ ಅಜ್ಜನ ಧೋತರ ತೆಗೆದಳು. ಅಜ್ಜ ತೀರಿಕೊಂಡು ಆರು ವರ್ಷ ಆಗಿತ್ತು.

ದೊಡ್ಡವ್ವ, ಅಂದರೆ ಮದುಮಗಳ ತಾಯಿ, ಅಲ್ಲೇ ತಡೆದಳು. "ಅತ್ತೀ, ಹೋದವರ ಅರಿವಿ ಮದಿವಿ ಆಯೇರಿಯೊಳಗ ಬ್ಯಾಡ್ರಿ. ಬೀಗರು ಏನಂದಾರು?"

ಆಯಿ ಸೂಜಿಗೆ ದಾರ ಪೋಣಿಸುತ್ತಾ ತಲೆ ಎತ್ತದೇ ಹೇಳಿದಳು: "ಅವರ ಹೊಲ ಬೇಕು, ಅವರು ಕಟ್ಟಿಸಿದ ಮನಿ ಬೇಕು. ಧೋತರ ಅಷ್ಟ ಬ್ಯಾಡೇನವಾ?"

ಯಾರೂ ಮಾತಾಡಲಿಲ್ಲ. ಧೋತರ ಒಳಗಿನ ಪದರಕ್ಕೆ ಹೋಯಿತು. ಹೊರಗಿನಿಂದ ಕಾಣೋದಿಲ್ಲ, ದೊಡ್ಡವ್ವನ ಮಾತೂ ಉಳಿಯಿತು, ಆಯಿಯ ಮಾತೂ ಉಳಿಯಿತು. ಆಗ ನಮಗೆ ಇದು ಭಾರೀ ಜಾಣತನ ಅನಿಸಿತ್ತು. ದೊಡ್ಡವ್ವ ಮೂಢನಂಬಿಕೆಯವಳು ಅಂತ ಒಳಗೊಳಗೆ ನಕ್ಕಿದ್ದೂ ನಿಜ. ಈಗ ಹಾಗೆ ಅನಿಸಲ್ಲ. ಹೊಸ ಮನೆಗೆ ಹೋಗುವ ಮಗಳನ್ನು ಒಂದು ಬಟ್ಟೆಯ ಕಾರಣಕ್ಕೆ ಯಾರಾದರೂ ಅಂದಾಡಿದರೆ ಅದನ್ನು ಕೇಳಬೇಕಾದವರು ನಾವಲ್ಲ, ಅಕ್ಕ. ಆ ಹೆದರಿಕೆ ತಾಯಿಗೆ ಇರೋದು ಸಹಜ. ತಪ್ಪು ಎಲ್ಲಿ ಆಯಿತು ಅಂದ್ರೆ ಅಕ್ಕನನ್ನು ಯಾರೂ ಕೇಳಲಿಲ್ಲ. 'ಸರ್ಪ್ರೈಸ್' ಇರಲಿ ಅಂತ ಮುಚ್ಚಿಟ್ಟೆವು.

ಎಂಜಿನಿಯರಿಂಗ್ ಓದುವವರಾದ್ದರಿಂದ ಲೆಕ್ಕ ಹಾಕದೇ ಇರೋಕಾಗಲ್ಲ. ನಮ್ಮ ಕೌದಿ 7 ಅಡಿ ಉದ್ದ, 6 ಅಡಿ ಅಗಲ. ಅಂದರೆ 84 ಇಂಚು, 72 ಇಂಚು, ಒಟ್ಟು 6,048 ಚದರ ಇಂಚು. ಸಾಲಿನಿಂದ ಸಾಲಿಗೆ ಅರ್ಧ ಇಂಚು ಅಂತರ ಇಟ್ಟರೆ ಹೊಲಿಗೆಯ ಒಟ್ಟು ಉದ್ದ 12,096 ಇಂಚು, ಸುಮಾರು 307 ಮೀಟರ್. ಇಂಚಿಗೆ ಮೂರು ಹೊಲಿಗೆ ಹಿಡಿದರೆ 36,288 ಹೊಲಿಗೆ. ಒಂದಕ್ಕೆ 5 ಸೆಕೆಂಡ್ ಅಂದರೂ 50 ಗಂಟೆ ಮೀರುತ್ತೆ. ಇದು ಬರೀ ಹೊಲಿಗೆ. ಒಗೆದು ಒಣಗಿಸೋದು, ಕತ್ತರಿಸೋದು, ಪದರ ಸರಿಯಾಗಿ ಹಾಸೋದು, ದಾರ ಮುಗಿದಾಗ ಮತ್ತೆ ಪೋಣಿಸೋದು, ಸೊಟ್ಟ ಹೋದ ಸಾಲನ್ನು ಬಿಚ್ಚೋದು ಬೇರೆ. ನಾವು ಫೋನಿನಲ್ಲಿ ಬರೆದಿಟ್ಟುಕೊಂಡ ಲೆಕ್ಕದ ಪ್ರಕಾರ ಐದೂ ಜನರದು ಸೇರಿ 88 ಗಂಟೆ ಆಯಿತು. ದಿನಕ್ಕೆ 8 ಗಂಟೆ ಅಂದರೆ 11 ದಿನದ ಕೂಲಿ. ದಿನಕ್ಕೆ ಬರೀ 400 ರೂಪಾಯಿ ಹಿಡಿಯಿರಿ, 4,400 ಆಗುತ್ತೆ. ದುಡ್ಡಿಲ್ಲ ಅಂತ ಗಡಿಯಾರ ಬಿಟ್ಟು ಕೌದಿಗೆ ಬಂದೆವಲ್ಲ, ಗಡಿಯಾರವೇ ಅಗ್ಗ ಇತ್ತು.

ಈ ಲೆಕ್ಕ ನಮಗೆ ಯಾಕೆ ಮುಖ್ಯ ಅಂದ್ರೆ, ನಮ್ಮ ಓಣಿಯಲ್ಲಿ ಪ್ರತಿ ವರ್ಷ ಸುಗ್ಗಿ ಮುಗಿದ ಮೇಲೆ, ಮಳೆಗಾಲಕ್ಕೆ ಮೊದಲು, ಕೌದಿ ಹೊಲಿದು ಕೊಡುವ ಹೆಣ್ಣುಮಕ್ಕಳು ಬರುತ್ತಿದ್ದರು. ಗೊಂದಳಿಗರ ಮನೆಯ ಹೆಣ್ಣುಮಕ್ಕಳು ಈ ಕೆಲಸದಲ್ಲಿ ಹೆಸರಾದವರು. ಬಟ್ಟೆ ನಮ್ಮದು, ಕೈ ಅವರದು. ಒಂದು ಕೌದಿಗೆ 900 ರೂಪಾಯಿ ಕೇಳಿದ್ದನ್ನು 700ಕ್ಕೆ ಇಳಿಸಿ, ಅದರ ಮೇಲೆ ಒಂದು ಸೇರು ಜೋಳ ಕೊಟ್ಟು, "ಹಳೀ ಅರಿವಿಗೆ ಎಷ್ಟರ ಕೇಳ್ತಾರವ್ವಾ" ಅಂದಿದ್ದನ್ನು ನಾವೇ ಕೇಳಿದ್ದೇವೆ. ಆಗ ಏನೂ ಅನಿಸಿರಲಿಲ್ಲ. 36 ಸಾವಿರ ಹೊಲಿಗೆ ಹಾಕಿ ಬೆರಳಿಗೆ ಸೂಜಿ ಚುಚ್ಚಿಕೊಂಡ ಮೇಲೆ ಅನಿಸುತ್ತೆ. ಅವರ ಕೈ ನಮಗಿಂತ ವೇಗ, ಒಪ್ಪೋಣ. ಅರ್ಧ ಸಮಯದಲ್ಲೇ ಮುಗಿಸಿದರೂ ಆ 700 ರೂಪಾಯಿ ಯಾವ ಲೆಕ್ಕಕ್ಕೂ ಕೂಡಲ್ಲ. ಅದಕ್ಕೆ ನಮ್ಮ ಮೊದಲ ಮಾತು: ಹೊಲಿಯೋಕೆ ಟೈಮ್ ಇಲ್ಲದವರು ಹೊಲಿಸಿ ಕೊಡಿ, ಅದೇನೂ ಕಡಿಮೆ ಅಲ್ಲ. ಆದರೆ ಚೌಕಾಸಿ ಮಾಡಬೇಡಿ. ಮದುವೆ ಹಾಲ್‌ನವರ ಹತ್ತಿರ ಮಾಡಿ, ಡಿಜೆಯವರ ಹತ್ತಿರ ಮಾಡಿ.

ಎರಡನೇ ಮಾತು ಹುಡುಗರಿಗೆ. ನಾವು ನಾಲ್ವರೂ ಕೂತಿದ್ದೆವು ಅಂತ ಮೇಲೆ ಬರೆದಿದ್ದೇವೆ. ಅದು ಪೂರ್ತಿ ನಿಜ ಅಲ್ಲ. ಫೋನಿನ ಲೆಕ್ಕ ತೆಗೆದು ನೋಡಿದರೆ 88 ಗಂಟೆಯಲ್ಲಿ ಆಯಿಯದೇ 37, ಹುಡುಗಿಯರಿಬ್ಬರದು 39, ಹುಡುಗರಿಬ್ಬರದು ಸೇರಿ 12. ಆ 12ರಲ್ಲೂ ಫೋಟೋ ತೆಗೆದ ಟೈಮ್ ಸೇರಿದೆ ಅಂತ ನಮ್ಮಲ್ಲೇ ಇಬ್ಬರ ಆರೋಪ. ಆದರೆ ಗಿಫ್ಟಿನ ಮೇಲೆ ನಾಲ್ಕು ಹೆಸರು ಒಂದೇ ಅಳತೆಯಲ್ಲಿ ಇದ್ದವು, ಆಯಿಯ ಹೆಸರು ಇರಲೇ ಇಲ್ಲ. ಇದನ್ನು ಬರೆಯೋಣವೋ ಬೇಡವೋ ಅಂತ ಜಗಳ ಆಯಿತು, ಬರೆಯೋಣ ಅಂತಾಯಿತು. ಯಾಕಂದ್ರೆ 'ಕೈಯಿಂದ ಮಾಡಿದ ಗಿಫ್ಟು, ಎಷ್ಟು ಪ್ರೀತಿ' ಅಂತ ಹೇಳುವಾಗೆಲ್ಲ ಆ ಕೈ ಯಾರದು ಅಂತ ಕೇಳಬೇಕು. ಸಾಮಾನ್ಯವಾಗಿ ಅದು ಮನೆಯ ಒಬ್ಬ ಮುದುಕಿಯ ಕೈ ಆಗಿರುತ್ತೆ, ಸೊಂಟ ನೋವಿನ ಮಾತ್ರೆ ನುಂಗಿ ಕೂತಿರುತ್ತೆ. ಪದ್ಧತಿ ಉಳಿಸಬೇಕು ಅಂತ ಭಾಷಣ ಮಾಡೋದು ಒಬ್ಬರು, ಸೂಜಿ ಹಿಡಿಯೋದು ಇನ್ನೊಬ್ಬರು ಆದರೆ ಆ ಪದ್ಧತಿ ಹೋದರೂ ಪರವಾಗಿಲ್ಲ. ಸೋಲ್ಡರಿಂಗ್ ಮಾಡುವ ಕೈಗೆ ಸೂಜಿ ಹಿಡಿಯೋಕೆ ಬರಲ್ಲ ಅಂದರೆ ನಂಬೋಕಾಗಲ್ಲ.

ಮದುವೆ ದಿನದ ವಿಷಯಕ್ಕೆ ಬರೋಣ. ಕೌದಿಯ ಕೊನೆಯ ತುಂಡು ಮುಚ್ಚುವ ಮುಂಚೆ ಆಯಿ ಒಳಗೆ ನಾಲ್ಕು ಕಾಳು ಅಕ್ಕಿ, ಚೂರು ಬೆಲ್ಲ ಇಟ್ಟಿದ್ದಳು. "ಕೌದಿ ಹೊಟ್ಟಿ ಖಾಲಿ ಇರಬಾರದು" ಅಂತ. ಅದನ್ನು ಚೆನ್ನಾಗಿ ಮಡಚಿ, ರಿಬ್ಬನ್ ಕಟ್ಟಿ ಸ್ಟೇಜ್ ಮೇಲೆ ಕೊಟ್ಟೆವು. ಕ್ಯಾಮೆರಾದವನು "ಬಾಕ್ಸ್ ಇಲ್ಲೇನ್ರಿ?" ಅಂದ. ಬೀಗರ ಕಡೆಯ ಒಬ್ಬ ಹಿರಿಯರು ಮುಟ್ಟಿ ನೋಡಿ "ನಮ್ಮವ್ವ ಹೊಲೀತಿದ್ದಳು" ಅಂತ ಒಂದು ನಿಮಿಷ ನಿಂತರು. ಉಳಿದವರು ಗಮನಿಸಲಿಲ್ಲ. ಬೀಗರು ಏನಂದಾರು ಅಂತ ಇಡೀ ಮನೆ ಹೆದರಿತ್ತು, ಬೀಗರು ಏನೂ ಅನ್ನಲಿಲ್ಲ.

ಅಕ್ಕ ಈಗ ಇರೋದು ಬೆಂಗಳೂರಿನ ಐದನೇ ಮಹಡಿಯ ಫ್ಲ್ಯಾಟಿನಲ್ಲಿ. ಎರಡು ತಿಂಗಳಾದ ಮೇಲೆ ನಾವು ಹೋದಾಗ ಕೌದಿ ಎಲ್ಲೂ ಕಾಣಲಿಲ್ಲ. ಕೇಳಿದೆವು. ಅಟ್ಟದ ಮೇಲೆ ಸೂಟ್‌ಕೇಸಿನ ಪಕ್ಕ ಇತ್ತು. ಅಕ್ಕ ಬೇಜಾರು ಮಾಡಿಕೊಂಡೇ ಹೇಳಿದಳು. ನಾವು 'ಗಟ್ಟಿ ಇರಲಿ' ಅಂತ ಏಳು ಪದರ ಹಾಕಿದ್ದೆವು, ಒಣಗಿದ್ದಾಗಲೇ ಹತ್ತಿರ ಹತ್ತಿರ 3 ಕಿಲೋ. ವಾಷಿಂಗ್ ಮಷಿನ್‌ಗೆ ಹಾಕಿದರೆ ಒಂದೇ ಕಡೆ ಮುದ್ದೆಯಾಗಿ ಮಷಿನ್ ಗಡಗಡ ಅಂತ ನಿಂತುಬಿಟ್ಟಿತಂತೆ. ಕೈಯಿಂದ ತೆಗೆದು ಇಬ್ಬರೂ ಸೇರಿ ಹಿಂಡಿ ಬಾಲ್ಕನಿಯಲ್ಲಿ ಹಾಕಿದರೆ ಮಳೆಗಾಲದಲ್ಲಿ ಮೂರು ದಿನ ಒಣಗದೇ ಮುಗ್ಗಲು ವಾಸನೆ. "ಹಳ್ಳಿಯೊಳಗ ಹಳ್ಳ ಐತಿ, ಬಂಡಿ ಐತಿ, ಬಿಸಿಲೈತಿ. ಇಲ್ಲಿ ಎಲ್ಲಿ ಒಗೀಲಿ ಹೇಳ್ರಿ?" ಅಂದಳು.

ನಮಗೆ ಉತ್ತರ ಇರಲಿಲ್ಲ. ಎಂಜಿನಿಯರಿಂಗ್‌ನಲ್ಲಿ ಮೊದಲ ವರ್ಷವೇ ಹೇಳಿಕೊಡ್ತಾರೆ, ಬಳಸುವವರು ಯಾರು, ಎಲ್ಲಿ ಬಳಸ್ತಾರೆ ಅಂತ ಕೇಳಿ ಆಮೇಲೆ ಡಿಸೈನ್ ಮಾಡಿ ಅಂತ. ನಾವು ಹಳ್ಳಿಯ ಕೌದಿಯನ್ನು ಹಾಗೇ ಎತ್ತಿ ಐದನೇ ಮಹಡಿಗೆ ಕಳಿಸಿದ್ದೆವು. ಕೈಯಿಂದ ಮಾಡಿದ್ದು ಅನ್ನೋ ಒಂದೇ ಕಾರಣಕ್ಕೆ ಅವಳು ಖುಷಿ ಪಡಲೇಬೇಕು ಅಂತ ಅಂದುಕೊಂಡಿದ್ದೆವು. ಇದರಲ್ಲಿ ಪ್ರೀತಿ ಇದೆ, ಸ್ವಲ್ಪ ದಬ್ಬಾಳಿಕೆಯೂ ಇದೆ. ಅಂಗಡಿಯ ಮಿಕ್ಸಿ ಬೇಡವಾದರೆ ಇನ್ನೊಬ್ಬರ ಮದುವೆಗೆ ದಾಟಿಸಬಹುದು, ಎಲ್ಲರೂ ಅದನ್ನೇ ಮಾಡ್ತಾರೆ. ಕೌದಿಯನ್ನು ದಾಟಿಸೋಕೂ ಆಗಲ್ಲ, ಬಳಸೋಕೂ ಆಗಲ್ಲ ಅಂದರೆ ಅದು ಕೊಟ್ಟವರ ಮನಸ್ಸಿಗೆ ಸಮಾಧಾನ, ತಗೊಂಡವರ ಅಟ್ಟಕ್ಕೆ ಭಾರ.

ಅಲ್ಲೇ ಕೂತು ಇನ್ನೊಂದು ವಿಷಯವನ್ನೂ ಹೇಳಿದೆವು, ಒಳಗಿನ ಪದರದಲ್ಲಿ ಅಜ್ಜನ ಧೋತರ ಇದೆ ಅಂತ. ಅಕ್ಕ ಸುಮ್ಮನಾದಳು. ಆಮೇಲೆ "ಮದಲ ಯಾಕ ಹೇಳಲಿಲ್ಲ? ಗೊತ್ತಿದ್ದರ ಅಟ್ಟದ ಮ್ಯಾಲ ಇಡ್ತಿರಲಿಲ್ಲ" ಅಂದಳು. ಅವಳಿಗೆ ಅಜ್ಜ ಅಂದರೆ ಜೀವ, ಮೊದಲ ಮೊಮ್ಮಗಳು. ನಮಗೆ ನಾಚಿಕೆ ಆಯಿತು. ಯಾರಿಗೆ ಆ ಧೋತರದ ಮಹತ್ವ ಎಲ್ಲರಿಗಿಂತ ಜಾಸ್ತಿ ಗೊತ್ತೋ ಅವಳಿಗೇ ಹೇಳದೇ, 'ಬೀಗರು ಏನಂದಾರು' ಅಂತ ಮುಚ್ಚಿಟ್ಟಿದ್ದೆವು. ಈಗ ಆ ಕೌದಿಯನ್ನು ನಾಲ್ಕು ಮಡಿಕೆ ಮಾಡಿ ಕುರ್ಚಿ ಮೇಲೆ ಹಾಕಿಕೊಂಡು ವರ್ಕ್ ಫ್ರಮ್ ಹೋಮ್ ಮಾಡ್ತಾಳೆ. ಹೊದೆಯೋಕೆ ಅಂತ ಹೊಲಿದದ್ದು ಕೂರೋಕೆ ಆಯಿತು. ಆಯಿಗೆ ಹೇಳಿದರೆ "ಆತಲ್ಲ, ಬಳಸಾಕತ್ತಾಳಲ್ಲ" ಅಂತ ನಕ್ಕಳು.

ಕೆಲವರು ಕೇಳಬಹುದು, ಇಷ್ಟೆಲ್ಲ ತಲೆನೋವು ಯಾಕೆ, ಕವರಿನಲ್ಲಿ ದುಡ್ಡಿಟ್ಟು ಕೊಟ್ಟರೆ ಆಗಲ್ವಾ? ಆಗುತ್ತೆ. ಹೊಸ ಸಂಸಾರಕ್ಕೆ ದುಡ್ಡು ನಿಜವಾಗಲೂ ಉಪಯೋಗಕ್ಕೆ ಬರುತ್ತೆ, ಅದನ್ನು ಕೀಳಾಗಿ ನೋಡೋ ಅಗತ್ಯ ಇಲ್ಲ. ಆದರೆ ದುಡ್ಡಿಗೆ ಮುಯ್ಯಿ ಲೆಕ್ಕ ಇದೆ. ಯಾರು 501 ಹಾಕಿದರು, ಯಾರು 1,001 ಹಾಕಿದರು ಅಂತ ನೋಟ್‌ಬುಕ್ಕಿನಲ್ಲಿ ಬರೆದಿಟ್ಟು ಅವರ ಮನೆ ಮದುವೆಗೆ ಅಷ್ಟೇ ವಾಪಸ್ ಹಾಕ್ತಾರೆ. ದೊಡ್ಡಪ್ಪನ ನೋಟ್‌ಬುಕ್ಕಿನಲ್ಲಿ ನಮ್ಮ ಹೆಸರಿನ ಮುಂದೆ 'ಕೌದಿ' ಅಂತ ಬರೆದು, ರೂಪಾಯಿ ಜಾಗ ಖಾಲಿ ಬಿಟ್ಟಿದ್ದರು. ಮನೆಯವರ ನಡುವೆ ಲೆಕ್ಕಕ್ಕೆ ಸಿಗದ ಒಂದೆರಡು ಸಾಲ ಇರಲಿ ಅಂತ ನಮ್ಮ ವಾದ. ಇನ್ನೂ ಒಂದು ಕಾರಣ ಇದೆ. ಆ ಇಪ್ಪತ್ತು ದಿನದಲ್ಲಿ ಆಯಿ ಒಂದೊಂದು ಸೀರೆ ಕತ್ತರಿಸುವಾಗಲೂ ಅದು ಎಲ್ಲಿಂದ ಬಂತು ಅಂತ ಹೇಳಿದಳು. ಒಂದು ಇಳಕಲ್ ಸೀರೆ ಅವಳ ಮೊದಲ ಬಾಣಂತನದ್ದು. ಆ ಕೂಸು ಉಳಿಯಲಿಲ್ಲ ಅನ್ನೋದು ನಮ್ಮ ಅಪ್ಪಂದಿರಿಗೂ ಸರಿಯಾಗಿ ಗೊತ್ತಿರಲಿಲ್ಲ. ಹತ್ತೊಂಬತ್ತು ವರ್ಷ ಒಂದೇ ಮನೆಯಲ್ಲಿ ಇದ್ದು ಕೇಳದ ಮಾತನ್ನು ಸೂಜಿ ಹಿಡಿದು ಕೂತಾಗ ಕೇಳಿದೆವು. ಹುಡುಗರಿಬ್ಬರು ಆ ದಿನ ಕ್ರಿಕೆಟ್ ಆಡೋಕೆ ಹೋಗಿದ್ದರು, ಅವರಿಗೆ ಆಮೇಲೆ ನಾವು ಹೇಳಬೇಕಾಯಿತು.

ಬರುವ ಡಿಸೆಂಬರ್‌ನಲ್ಲಿ ಅತ್ತೆಯ ಮಗನ ಮದುವೆ ಇದೆ. ಈ ಸಲ ನಾವು ಮಾಡಿಕೊಂಡ ನಿಯಮಗಳನ್ನು ಹೇಳ್ತೀವಿ, ಬೇಕಾದವರು ಬಳಸಿಕೊಳ್ಳಿ. ಒಂದು, ಮೊದಲೇ ಇಬ್ಬರನ್ನೂ, ಹುಡುಗ-ಹುಡುಗಿಯನ್ನು, ಬೇಕಾ ಅಂತ ಕೇಳೋದು. ಬೇಡ ಅಂದರೆ ಗಡಿಯಾರ. (ಕೇಳಿದ್ದೇವೆ, ಬೇಕು ಅಂದಿದ್ದಾರೆ.) ಎರಡು, ಮೂರು ಪದರ, ಹೆಚ್ಚೆಂದರೆ ನಾಲ್ಕು. ಒಂದು ದೊಡ್ಡ ಕೌದಿ ಬದಲು ಎರಡು ಸಣ್ಣವು, ಮಷಿನ್‌ಗೆ ಹಿಡಿಯುವ ಹಾಗೆ. ಮೂರು, ಬಣ್ಣ ಬಿಡುವ ಬಟ್ಟೆಯನ್ನು ಮೊದಲೇ ಉಪ್ಪು ನೀರಿನಲ್ಲಿ ನೆನೆಸಿ ನೋಡೋದು. ನಮ್ಮ ಮೊದಲ ಕೌದಿಯಲ್ಲಿ ಒಂದು ಕೆಂಪು ತುಂಡು ಪಕ್ಕದ ಬಿಳಿ ಅಂಗಿಯನ್ನು ಗುಲಾಬಿ ಮಾಡಿಬಿಟ್ಟಿದೆ. ನಾಲ್ಕು, ಗಂಟೆಗಳನ್ನು ಬರೆದಿಡೋದು, ಹುಡುಗರದು ಅರ್ಧಕ್ಕಿಂತ ಕಡಿಮೆ ಆದರೆ ಹೆಸರು ಹಾಕದಿರೋದು. ಐದು, ಯಾವ ತುಂಡು ಯಾರ ಬಟ್ಟೆ ಅಂತ ಒಂದು ಹಾಳೆಯಲ್ಲಿ ಚಿತ್ರ ಬರೆದು ಜೊತೆಗೆ ಕೊಡೋದು. ಆಯಿಯ ಹೆಸರು ಎಲ್ಲಕ್ಕಿಂತ ಮೇಲೆ.

ಆಯಿಗೆ ಈಗ ಕಣ್ಣಿನ ಪೊರೆ ಆಪರೇಷನ್ ಆಗಿದೆ, ದಾರ ಪೋಣಿಸೋದು ನಾವೇ. ಅವಳು ಕೂತು ಸಾಲು ಸೊಟ್ಟ ಇದೆ ಅಂತ ಮುಟ್ಟಿಯೇ ಕಂಡುಹಿಡೀತಾಳೆ.

ಕೊನೆಯದಾಗಿ ಹಾಸ್ಟೆಲ್ ಗೆಳೆಯರಿಗೆ ಒಂದು ಮಾತು. ಇಂಟರ್ನಲ್ಸ್ ಮುಗಿಸಿ ಊರಿಗೆ ಹೋದಾಗ ಅಟ್ಟದ ಮೇಲಿನ ಟ್ರಂಕು ಒಮ್ಮೆ ತೆಗೆಸಿ ನೋಡಿ. ಹಳೇ ಬಟ್ಟೆಗೆ ಸ್ಟೀಲ್ ಪಾತ್ರೆ ಕೊಡುವವರು ಬೀದಿಗೆ ಬರುವ ಮುಂಚೆ ನೋಡಿ. ಮೂರು ಸೀರೆ ಕೊಟ್ಟರೆ ಒಂದು ಡಬ್ಬಿ ಸಿಗುತ್ತೆ, ನಮ್ಮ ಮನೆಯಲ್ಲಿ ಅಂಥ ಡಬ್ಬಿ ಹನ್ನೊಂದಿವೆ. ಅವು ಯಾವ ಯಾವ ಸೀರೆ ಆಗಿದ್ದವು ಅಂತ ಆಯಿಯನ್ನು ಕೇಳಿದೆವು. ನಾಲ್ಕರದು ಮಾತ್ರ ನೆನಪಿತ್ತು.